ನೇರವಾಗಿ ಹೇಳದೆ ಉಳಿದ ಮಾತಿನ ಬಗ್ಗೆ

ಮೇಲ್ಕಂಡ ವಿಷಯದಲ್ಲಿ ಬರೆಯುವ ಅರ್ಹತೆ ನನಗಿದೆಯೇ ಎಂಬ ಅಳುಕಿನೊಂದಿಗೆ ಈ ಕೆಳಗಿನ ಸಂಗತಿಗಳನ್ನು ಓದುಗರ ಅವಗಾಹನೆಗೆ ತರುತ್ತಿದ್ದೇನೆ. ಕಚೇರಿ ಪತ್ರಗಳ ಹೊರತು ಬೇರೇನನ್ನೂ ಬರೆದು ಅಭ್ಯಾಸವಿಲ್ಲ, ತಪ್ಪಿದ್ದಲ್ಲಿ ಮನ್ನಿಸಬೇಕು.

ಹೊಳೆನರಸೀಪುರದ ನಮ್ಮ ಮನೆಯಲ್ಲಿ ತಂದೆ ತಾಯಿ ಪರಸ್ಪರ ನೇರವಾಗಿ ಮಾತನಾಡುತ್ತಿರಲಿಲ್ಲ. ಜಗಳವೇನೂ ಇರಲಿಲ್ಲ. ಹಿರಿಯರ ಎದುರು ಗಂಡ ಹೆಂಡತಿ ಮಾತನಾಡಬಾರದೆಂಬ ಪದ್ಧತಿ ಆ ಹಿರಿಯರು ತೀರಿಕೊಂಡ ಮೇಲೂ ಮುಂದುವರಿದಿತ್ತು. ತಂದೆ ಎದುರಿಗೇ ಕುಳಿತಿದ್ದರೂ ತಾಯಿ ನನ್ನತ್ತ ತಿರುಗಿ, “ಎಲೆ ಹಾಕಿದೀನಿ, ಏಳಕ್ಕೆ ಹೇಳು ನಿಮ್ಮಪ್ಪಂಗೆ” ಎನ್ನುತ್ತಿದ್ದರು. ತಂದೆಯ ಉತ್ತರವೂ ನನಗೇ. ನಾನು ಬಾಯಿ ತೆರೆಯುವ ಮೊದಲೇ ಇಬ್ಬರಿಗೂ ವಿಷಯ ತಲುಪಿರುತ್ತಿತ್ತು. ಪ್ರೀತಿ ಎಂದರೆ ಹೀಗೆಯೇ ಎಂದು ತಿಳಿದಿದ್ದೆ. ಹಾಗೆ ತಿಳಿದಿದ್ದೇನೆ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ.

ತೊಂಬತ್ತರ ದಶಕದ ಕೊನೆಗೆ ಹಾಸನದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾಗ, ಚನ್ನರಾಯಪಟ್ಟಣದಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಬೆರಳಚ್ಚುಗಾರ್ತಿಯೊಬ್ಬರು ನನ್ನ ಮನಸ್ಸಿಗೆ ಹತ್ತಿರವಾದರು. ಅವರಿಗೂ ನನ್ನ ಮೇಲೆ ವಿಶ್ವಾಸವಿತ್ತು. ಮಧ್ಯಾಹ್ನ ಡಬ್ಬಿಯ ಮುಚ್ಚಳದಲ್ಲಿ ಚಿತ್ರಾನ್ನ ತೆಗೆದು ನನ್ನ ಮೇಜಿನ ಮೇಲಿಡುತ್ತಿದ್ದರು. ಚೆನ್ನಾಗಿದೆ ಎಂಬುದನ್ನು ನಾನು ಪಕ್ಕದ ಮೇಜಿನವರಿಗೆ ಹೇಳುತ್ತಿದ್ದೆ.

ಅಷ್ಟರಲ್ಲಿ ಅರಕಲಗೂಡಿನಿಂದ ಅವರಿಗೊಂದು ಸಂಬಂಧ ಬಂದು, ಭಾನುವಾರದೊಳಗೆ ಉತ್ತರ ಕೊಡಬೇಕಾಗಿತ್ತು. ಅವರನ್ನು ಮದುವೆಯಾಗುವ ನನ್ನ ಇಚ್ಛೆಯನ್ನು, ಅದೇ ಬಸ್ಸಿನಲ್ಲಿ ಹಾಸನದ ಶಾಲೆಗೆ ಪಾಠ ಹೇಳಲು ಬರುತ್ತಿದ್ದ ಅವರ ಅಕ್ಕನ ಮೂಲಕ ತಿಳಿಸಿದೆ. ಮರುದಿನ ಸಂಜೆ ಅಕ್ಕ ತಂಗಿ ಬಸ್ ನಿಲ್ದಾಣದಲ್ಲಿ ನನಗಾಗಿ ಕಾದಿದ್ದರು.

“ಅಕ್ಕ ಹೇಳಿದ್ಲು. ನಿಮ್ಮ ಬಾಯಲ್ಲೇ ಒಂದ್ಸಲ ಕೇಳಿದ್ರೆ, ಮನೇಲಿ ನಾನೂ ಧೈರ್ಯವಾಗಿ ಹೇಳ್ತೀನಿ” ಎಂದರು ತಂಗಿ.

ನಾನು ಅಕ್ಕನ ಕಡೆ ತಿರುಗಿ, “ಬಸ್ ಹೊರಡೋ ಹೊತ್ತಾಯ್ತು ಅಂತ ಹೇಳಿ ಇವರಿಗೆ” ಎಂದೆ.

“ನಾನೇನು ಪಕ್ಕದೂರಲ್ಲಿದ್ದೀನಾ ಸಾರ್? ಇಲ್ಲೇ ನಿಂತಿದ್ದೀನಲ್ಲ.”

ಅಕ್ಕ ನಕ್ಕರು. ತಂಗಿ ನಗಲಿಲ್ಲ.

ಬಸ್ಸಿನ ಬಗ್ಗೆ ನಾನು ಅಕ್ಕನಿಗೆ ಹೇಳಿದ ಸದರಿ ಮಾತಿನ ಧ್ವನಿ ನನ್ನ ತಾಯಿಯದೆಂದು ಆ ಕ್ಷಣದಲ್ಲೇ ನನಗೆ ಅರಿವಾಯಿತು. ಅರಿವಾದ ಮಾತ್ರಕ್ಕೆ ನಾಲಿಗೆ ಹೊರಳಲಿಲ್ಲವೆಂಬುದನ್ನು ವಿಷಾದಪೂರ್ವಕವಾಗಿ ತಿಳಿಸುತ್ತೇನೆ. ಇಬ್ಬರೂ ಬಸ್ಸು ಹತ್ತಿದರು. ತಂಗಿ ಕಿಟಕಿಯ ಗಾಜು ಸರಿಸಿ, ಕಂಡಕ್ಟರ್ ಸೀಟಿ ಊದುವವರೆಗೂ ನನ್ನನ್ನೇ ನೋಡುತ್ತಿದ್ದರು. ಹೇಳಬೇಕಾಗಿದ್ದದ್ದು ಒಂದೇ ಮಾತು. ಅದನ್ನು ಒಳಗೆ ಮುಟ್ಟಿಸಲು ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ನಾನು ಆ ಜನಜಂಗುಳಿಯಲ್ಲಿ ಹುಡುಕುತ್ತಿದ್ದೆ.

ಭಾನುವಾರ ಅರಕಲಗೂಡಿಗೆ ಒಪ್ಪಿಗೆ ಹೋಯಿತೆಂದು ಅಕ್ಕನೇ ಬಂದು ತಿಳಿಸಿದರು.