ಕೊಡದವನ ಮಗಳು

ನವಲಗುಂದದ ಕಾಲೇಜಿಗೆ ನಾನು ಸೇರುವ ಮೊದಲೇ ನನ್ನ ಹೆಸರು ಅಲ್ಲಿಗೆ ಹೋಗಿ ಕೂತಿತ್ತು. ಬಿ.ಎ. ಮೊದಲ ವರ್ಷ, ಬಾಸ್ಕೆಟ್‌ಬಾಲ್ ತಂಡಕ್ಕೆ ಹುಡುಗಿಯರನ್ನು ಆರಿಸುವ ದಿನ. ದೈಹಿಕ ಶಿಕ್ಷಣದ ಸರ್ ಅರ್ಜಿಯಲ್ಲಿ ನನ್ನ ಅಪ್ಪನ ಹೆಸರು ಓದಿ ತಲೆ ಎತ್ತಿದರು.

‘ಮೊರಬದಾಂವನ ಮಗಳೇನು ನೀ?’

‘ಹೌದ್ರಿ.’

ಅವರು ನಗು ತಡೆದುಕೊಂಡು ಹಿಂದೆ ನಿಂತಿದ್ದ ಎತ್ತರದ ಹುಡುಗಿಯ ಕಡೆ ನೋಡಿದರು. ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: ‘ಓಹೋ, ಕೊಡದಾಂವನ ಮಗಳು!’

ಸಂಜೆಯೊಳಗೆ ಇಡೀ ತಂಡಕ್ಕೆ ಆ ಹೆಸರು ಬಾಯಿಪಾಠವಾಗಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವ ಅಭ್ಯಾಸವೂ ಇಲ್ಲ. ‘ಕೈ ಎತ್ತಿ ನಿಂತಾಂವನ ಮಗಳು ನೀನೇನು?’ ಎಂದು ತಿರುಗಿಸಿ ಕೇಳಿದೆ. ಅಷ್ಟಕ್ಕೇ ನಮ್ಮ ಪರಿಚಯ ಮುಗಿಯಿತು.

ಈ ಜಗಳದ ಮೂಲ ಹೇಳಬೇಕು. ಅವಳಪ್ಪ ಮತ್ತು ನನ್ನಪ್ಪ ಇಬ್ಬರೂ ಹುಬ್ಬಳ್ಳಿಯ ಒಂದು ಸರ್ಕಾರಿ ಇಲಾಖೆಯ ತಂಡದಲ್ಲಿ ಹನ್ನೆರಡು ವರ್ಷ ಬಾಸ್ಕೆಟ್‌ಬಾಲ್ ಆಡಿದವರು. ಕಾಗದದ ಮೇಲೆ ಗುಮಾಸ್ತರು. ನಿಜವಾದ ಕೆಲಸ ಮುಂಜಾನೆ ಸಂಜೆ ಆಡುವುದು, ಊರೂರಿಗೆ ಹೋಗಿ ಇಲಾಖೆಯ ಪರವಾಗಿ ಗೆದ್ದು ಬರುವುದು. ಪಗಾರ ಬರುತ್ತಿದ್ದುದೇ ಅದಕ್ಕೆ. ಕೊನೆಯ ವರ್ಷ ಒಂದು ಫೈನಲ್‌ನಲ್ಲಿ ಇವರ ತಂಡ ಒಂದು ಪಾಯಿಂಟ್ ಹಿಂದಿತ್ತು, ಆಟ ಮುಗಿಯಲು ಕೆಲವೇ ಸೆಕೆಂಡು. ಬಾಲು ನನ್ನಪ್ಪನ ಕೈಯಲ್ಲಿ. ಅವಳಪ್ಪ ರಿಂಗಿನ ಕೆಳಗೆ ಒಬ್ಬನೇ, ಎರಡೂ ಕೈ ಎತ್ತಿ ನಿಂತಿದ್ದ. ನನ್ನಪ್ಪ ಅವನಿಗೆ ಕೊಡದೆ ದೂರದಿಂದ ತಾನೇ ಎಸೆದ. ಬಾಲು ರಿಂಗಿಗೆ ಬಡಿದು ಹೊರಗೆ ಬಿತ್ತು.

ಮರುವರ್ಷ ಇಬ್ಬರನ್ನೂ ಮೈದಾನದಿಂದ ಮೇಜಿಗೆ ಕೂರಿಸಿದರು. ನನ್ನಪ್ಪ ಸ್ವಲ್ಪ ದಿನ ಕಡತ ತಿರುವಿ, ಬೇಸತ್ತು, ನೌಕರಿ ಬಿಟ್ಟು ಮೊರಬಕ್ಕೆ ಬಂದು ಹೊಲಕ್ಕೆ ನಿಂತ. ಅವಳಪ್ಪ ನವಲಗುಂದದಲ್ಲಿ ಅಂಗಡಿ ಹಾಕಿದ. ಹದಿನೆಂಟು ಕಿಲೋಮೀಟರೋ ಇಪ್ಪತ್ತೋ, ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ. ಆದರೂ ಇಪ್ಪತ್ತು ವರ್ಷ ಇಬ್ಬರೂ ಮಾತಾಡಲಿಲ್ಲ. ಸಂತೆಯಲ್ಲಿ ಎದುರಾದರೆ ಒಬ್ಬರು ಉಳ್ಳಾಗಡ್ಡಿ ರಾಶಿಯ ಕಡೆ, ಇನ್ನೊಬ್ಬರು ಮೆಣಸಿನಕಾಯಿ ರಾಶಿಯ ಕಡೆ ತಿರುಗಿಬಿಡುತ್ತಿದ್ದರು. ಅವರ ಮನೆಯಲ್ಲಿ ಕಥೆ ‘ಅಂವ ಕೊಡ್ಲಿಲ್ಲ’ ಎಂದು ಶುರುವಾಗುತ್ತಿತ್ತು. ನಮ್ಮ ಮನೆಯಲ್ಲಿ ಆ ಕಥೆಯೇ ಇರಲಿಲ್ಲ, ನಾನು ಕೇಳಿದ್ದು ಊರವರ ಬಾಯಲ್ಲಿ. ಅಪ್ಪನಿಗೆ ಅದನ್ನು ಕೇಳಿದರೆ ಎದ್ದು ದನಕ್ಕೆ ನೀರು ಕುಡಿಸಲು ಹೋಗುತ್ತಿದ್ದ.

ಹಿತ್ತಲಲ್ಲಿ ನನಗೊಂದು ರಿಂಗು ಮಾತ್ರ ಹಾಕಿಕೊಟ್ಟಿದ್ದ. ನಮ್ಮದು ಎರೆಮಣ್ಣು. ಮಳೆಗಾಲದಲ್ಲಿ ಬಾಲಿಗೆ ಮಣ್ಣು ಮೆತ್ತಿ ಬೆಲ್ಲದ ಪೆಂಟೆಯಂತೆ ಗಟ್ಟಿ ಮುದ್ದೆಯಾಗುತ್ತಿತ್ತು, ಬೇಸಿಗೆಯಲ್ಲಿ ಬಿರುಕಿಗೆ ಬಿದ್ದು ಎತ್ತಲೋ ಹಾರುತ್ತಿತ್ತು. ಹಾಗಾಗಿ ಪುಟಿಸುತ್ತ ಓಡುವುದು ನನಗೆ ನೆಟ್ಟಗೆ ಬರಲೇ ಇಲ್ಲ. ಬಂದದ್ದು ಒಂದೇ, ನಿಂತಲ್ಲಿಂದ ಎಸೆದು ರಿಂಗಿಗೆ ಹಾಕುವುದು. ಜೊತೆಗೆ ಆಡುವವರು ಯಾರಿದ್ದರು, ಕೊಡುವುದನ್ನು ಕಲಿಯಲು?

ಕಾಲೇಜಿನಲ್ಲಿ ಅವಳು ರಿಂಗಿನ ಕೆಳಗೆ ಆಡುತ್ತಿದ್ದಳು, ನಾನು ಹೊರಗಿನಿಂದ ಎಸೆಯುತ್ತಿದ್ದೆ. ಅವಳು ಬಾಲು ಕೇಳುತ್ತಿರಲಿಲ್ಲ, ನಾನು ಕೊಡುತ್ತಿರಲಿಲ್ಲ. ಅಕ್ಕಪಕ್ಕದ ಊರಿನ ಎರಡು ತಂಡಗಳ ಎದುರು ಸಾಲಾಗಿ ಸೋತೆವು. ಸರ್ ಇಬ್ಬರನ್ನೂ ಎದುರಿಗೆ ನಿಲ್ಲಿಸಿಕೊಂಡು ಬೈದರು: ‘ನಿಮ್ಮಪ್ಪಂದಿರು ಪಗಾರ ತಗೊಂಡಾದ್ರೂ ಜಗಳಾಡಿದ್ರು. ನೀವು ಪುಕ್ಕಟ ಜಗಳಾಡಾಕತ್ತೀರಲ್ಲ, ನಾಚಿಕಿ ಆಗಂಗಿಲ್ಲೇನು?’ ಈ ವರ್ಷ ಹೀಗೇ ಆದರೆ ಹುಡುಗಿಯರ ತಂಡವನ್ನೇ ತೆಗೆಯುತ್ತಾರೆ ಎಂದೂ ಹೇಳಿದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಆ ತಂಡ ಹೋದರೆ ನನಗೆ ಮತ್ತೆ ಹಿತ್ತಲೇ ಗತಿ, ಮತ್ತೆ ಆ ಅಡ್ಡಹೆಸರು ಸಾಯುವವರೆಗೂ ಗತಿ.

ಆ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಹಳ್ಳ ತುಂಬಿ ಬಂದು ಮೊರಬದ ಬಸ್ಸು ನಿಂತಿತು. ಬಸ್‌ಸ್ಟ್ಯಾಂಡಿನಲ್ಲಿ ನೆನೆಯುತ್ತ ನಿಂತಿದ್ದ ನನ್ನ ಮುಂದೆ ಅವಳು ಛತ್ರಿ ಹಿಡಿದು ಬಂದಳು. ‘ಇಲ್ಲೇ ನಿಂತು ಸಾಯ್ತಿಯೇನು? ನಡಿ ಮನಿಗೆ’ ಎಂದಳು. ಹೋಗದೆ ಬೇರೆ ದಾರಿಯೂ ಇರಲಿಲ್ಲ.

ಅವರ ಮನೆಯ ಪಡಸಾಲೆಯಲ್ಲಿ ಗೋಡೆಯುದ್ದಕ್ಕೂ ಮಗ್ಗ. ಅವಳ ಅಮ್ಮ ಮತ್ತು ಚಿಕ್ಕಮ್ಮ ಅದರ ಮುಂದೆ ಒತ್ತಿಕೊಂಡು ಕೂತು ಜಮಖಾನಿ ನೇಯುತ್ತಿದ್ದರು. ಇವಳು ನನ್ನ ಗುರುತು ಹೇಳಿದಳು. ಅಮ್ಮ ಕೈ ನಿಲ್ಲಿಸದೆಯೇ ಹೇಳಿದರು: ‘ಬಾರವಾ, ಕುಂದ್ರು. ನಿಮ್ಮಪ್ಪಗ ನಾ ಹೇಳಿದೆ ಅಂತ ಹೇಳು. ದೊಡ್ಡ ಜಮಖಾನಿಗೆ ಇಬ್ಬರು ಕುಂದ್ರಬೇಕು. ಒಬ್ಬಾಕಿನ ಎಲ್ಲಾ ಹೊಡೀತೀನಿ ಅಂದ್ರ ಒಂದು ಬಾಜು ಸೊಟ್ಟ ಆಗ್ತೈತಿ.’ ನನಗೆ ನಗು ಬಂತು, ನಗಲಿಲ್ಲ.

ಅಷ್ಟರಲ್ಲಿ ಅವಳಪ್ಪ ಅಂಗಡಿಯಿಂದ ಬಂದರು. ನನ್ನನ್ನು ನೋಡಿ ಬಾಗಿಲಲ್ಲೇ ನಿಂತರು. ನಾನು ಎದ್ದು ‘ಕಾಕಾ’ ಎಂದೆ. ಅವರು ಕೇಳಿದ ಮೊದಲ ಮಾತು, ‘ನಿಮ್ಮಪ್ಪನ ಮೊಣಕಾಲ ಹೆಂಗೈತಿ?’

ಅಪ್ಪನ ಬಲಮೊಣಕಾಲು ಕೆಟ್ಟಿರುವುದು ಊರಲ್ಲೇ ಎಷ್ಟೋ ಜನರಿಗೆ ಗೊತ್ತಿಲ್ಲ. ‘ಥಂಡಿಗೆ ನೋಯ್ತೈತ್ರಿ’ ಎಂದೆ. ಅವರು ತಲೆ ಆಡಿಸಿ, ‘ಫೈನಲ್ ದಿನಾನೂ ನೋಯಾಕತ್ತಿತ್ತು. ಯಾರಿಗೂ ಹೇಳಿರಲಿಲ್ಲ, ನನಗ ಹೇಳಿದ್ದ’ ಎಂದರು. ಚಪ್ಪಲಿ ಬಿಟ್ಟು, ‘ಆದ್ರೂ ಅಂವ ಕೊಡ್ಲಿಲ್ಲ’ ಎಂದು ಒಳಗೆ ಹೋದರು.

ಮರುದಿನ ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದೆ. ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. ‘ಮೊಣಕಾಲಂದು ಯಾಕ ಹೇಳಾಕ ಹೋದಿ?’ ಎಂದು ನನ್ನ ಮೇಲೆ ರೇಗಿದ. ಉಂಡು ಕೈ ತೊಳೆಯುವಾಗ, ನನ್ನ ಮುಖ ನೋಡದೆ ಕೇಳಿದ: ‘ಅಂವ ದಪ್ಪ ಆಗ್ಯಾನೇನು?’

ಅಲ್ಲಿಂದ ನಮ್ಮಿಬ್ಬರ ಆಟ ಬದಲಾಯಿತು ಎಂದರೆ ಅರ್ಧ ಸುಳ್ಳು. ಜಗಳ ಆಡುತ್ತಲೇ ಇದ್ದೆವು, ಆದರೆ ಬಾಲು ಓಡಾಡತೊಡಗಿತು. ಅವಳು ‘ಕೊಡಲೇ’ ಎಂದು ಒದರುವಳು, ನಾನು ಬೈಯುತ್ತಲೇ ಕೊಡುವೆನು. ಆ ಚಳಿಗಾಲದ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಧಾರವಾಡಕ್ಕೆ ಹೋಗಿ, ನಮಗೇ ನಂಬಿಕೆ ಬಾರದಂತೆ ಫೈನಲ್ ಮುಟ್ಟಿದೆವು. ತಂಡ ಉಳಿಯಿತು ಎಂದು ಸರ್ ಅಲ್ಲೇ ಪೇಢೆ ಹಂಚಿದರು.

ಫೈನಲ್ ನೋಡಲು ಇಬ್ಬರ ಅಪ್ಪಂದಿರೂ ಬಂದಿದ್ದರು. ಒಬ್ಬರು ಈ ತುದಿಗೆ, ಒಬ್ಬರು ಆ ತುದಿಗೆ.

ಕಥೆ ಕಟ್ಟುತ್ತಿದ್ದಾಳೆ ಅನ್ನಬೇಡಿ. ಬಾಸ್ಕೆಟ್‌ಬಾಲ್‌ನಲ್ಲಿ ಎಷ್ಟೋ ಆಟ ಹೀಗೇ ಮುಗಿಯುತ್ತವೆ. ನಾವು ಒಂದು ಪಾಯಿಂಟ್ ಹಿಂದಿದ್ದೆವು, ಕೊನೆಯ ಸೆಕೆಂಡುಗಳು, ಬಾಲು ನನ್ನ ಕೈಯಲ್ಲಿ. ನಾನು ನಿಂತದ್ದು ನನಗೆ ಅಗದಿ ಒಗ್ಗಿದ ಜಾಗ. ಹಿತ್ತಲಲ್ಲಿ ಕಣ್ಣು ಮುಚ್ಚಿ ಹಾಕುತ್ತಿದ್ದ ದೂರ. ಅವಳು ರಿಂಗಿನ ಕೆಳಗೆ, ಎರಡೂ ಕೈ ಎತ್ತಿ, ಒಬ್ಬಳೇ. ಈ ಸಲ ಒದರಲಿಲ್ಲ. ನಾನೇ ಹಾಕಬಲ್ಲೆ ಎಂದು ನನಗೆ ಖಾತ್ರಿಯಿತ್ತು, ಅದನ್ನು ಈಗಲೂ ಹೇಳುತ್ತೇನೆ. ಅಪ್ಪನಿಗೂ ಅವತ್ತು ಹೀಗೇ ಅನಿಸಿರಬೇಕು ಎಂದು ಆಗ ಗೊತ್ತಾಯಿತು. ಅವನ ಮೇಲೆ ಇಷ್ಟು ವರ್ಷ ಇದ್ದ ಒಂದು ಮುನಿಸು ಅಲ್ಲೇ ಕರಗಿತು.

ಆದರೂ ಕೊಟ್ಟೆ. ನೇರ, ಎತ್ತಿದ್ದ ಅವಳ ಕೈಗೆ.

ಅವಳು ಹಿಡಿದಳು, ತಿರುಗಿದಳು, ಎಸೆದಳು. ಬಾಲು ಹಲಗೆಗೆ ಬಡಿದು, ರಿಂಗಿನ ಅಂಚಿನ ಮೇಲೆ ಉರುಳಿ, ಹೊರಗೆ ಬಿತ್ತು. ಸೀಟಿ ಊದಿದರು.

ಅವಳು ಅಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡಳು. ನನಗೆ ಅಯ್ಯೋ ಅನಿಸಲಿಲ್ಲ, ಸಿಟ್ಟು ಬಂತು. ನಾನೇ ಹಾಕಿದ್ದರೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ ಹೋಗಿ ಅವಳ ಬಾಜು ಕೂತೆ. ನನಗೂ ಅಳು ಬಂತು.

ತಲೆ ಎತ್ತಿ ನೋಡಿದರೆ ಅವಳಪ್ಪ ಎದ್ದು ಬರುತ್ತಿದ್ದರು. ಮಗಳ ಹತ್ತಿರ ಬರುತ್ತಾರೆ ಅಂದುಕೊಂಡೆವು. ಬರಲಿಲ್ಲ. ಕೋರ್ಟನ್ನು ಅಡ್ಡ ದಾಟಿ, ನಮ್ಮನ್ನೂ ದಾಟಿ, ನನ್ನಪ್ಪನ ಮುಂದೆ ಹೋಗಿ ನಿಂತರು. ಅಪ್ಪ ಮೊಣಕಾಲು ಹಿಡಿದುಕೊಂಡು ಎದ್ದ.

‘ಅವತ್ತ ನೀ ಕೊಟ್ಟಿದ್ರ ನಾನೂ ಹಿಂಗ ತಪ್ಪಸ್ತಿದ್ನೇನೋ’ ಎಂದರು ಕಾಕಾ. ‘ಇಪ್ಪತ್ತು ವರ್ಷ ಈ ಮಾತು ನನ್ನ ತಲ್ಯಾಗ ಬರಲೇ ಇಲ್ಲ ನೋಡು.’

ನೀರು ಕುಡಿಸಲು ಹೋಗುತ್ತೇನೆ ಎನ್ನಲು ಅಪ್ಪನಿಗೆ ಅಲ್ಲಿ ದನಗಳೂ ಇರಲಿಲ್ಲ.

‘ನೀ ತಪ್ಪಸ್ತಿದ್ದಿ, ಹಾಕತಿದ್ದಿ, ಅದು ಬ್ಯಾರೆ ಮಾತು’ ಎಂದ. ‘ನಾ ಕೊಡಬೇಕಿತ್ತಲೇ.’

ಕಾಕಾ ಅಪ್ಪನ ರಟ್ಟೆಗೆ ಕೈ ಹಾಕಿದರು. ಮೆಟ್ಟಿಲಲ್ಲಿ ಅಪ್ಪನ ಬಲಗಡೆಗೆ ತಮ್ಮ ಭುಜ ಕೊಟ್ಟು, ನಿಧಾನವಾಗಿ ಇಳಿಸಿಕೊಂಡು, ಗೇಟಿನ ಹೊರಗಿನ ಚಹಾದ ಅಂಗಡಿಗೆ ಹೋದರು. ಸೋತ ಮಕ್ಕಳನ್ನು ಸಮಾಧಾನ ಮಾಡಬೇಕೆಂಬುದು ಇಬ್ಬರಿಗೂ ನೆನಪಾಗಲಿಲ್ಲ. ಅವಳು ಮುಖ ಒರೆಸಿಕೊಂಡು ಅವರು ಹೋದ ದಿಕ್ಕನ್ನೇ ನೋಡುತ್ತ, ‘ನಮಗೂ ಚಾ ಕುಡಸ್ತಾರೇನಲೇ?’ ಎಂದಳು. ನಾವೂ ಎದ್ದು ಹಿಂದೆ ನಡೆದೆವು.