ಟ್ಯಾಂಕಿಗೆ ಬಿದ್ದ ಅಕ್ಕಿ

ಹೊಸ ಮೋಟಾರ್ ಸೈಕಲ್ಲನ್ನು ಟ್ಯಾಂಕ್ ತುಂಬ ಪೆಟ್ರೋಲ್ ಹಾಕಿಯೇ ಕೊಡಬೇಕು. ಈ ಒಂದು ವಿಷಯದಲ್ಲಿ ನಾನು ಯಾರೊಂದಿಗೂ ರಾಜಿಯಾಗುವವನಲ್ಲ. ನನ್ನ ಅಳಿಯ ವ್ಯಾಪಾರ ತಿಳಿದವನು. ಹಾಗೆಲ್ಲ ತುಂಬಿಸಿ ಕೊಟ್ಟರೆ ಅಂಗಡಿಯವನಿಗೆ ಗಿಟ್ಟುವುದಿಲ್ಲ ಮಾವ ಎಂದು ನನಗೆ ಬುದ್ಧಿ ಹೇಳಲು ಬರುತ್ತಾನೆ. ಗಿಟ್ಟದಿದ್ದರೆ ಬಾಗಿಲು ಹಾಕಿಕೊಂಡು ಹೋಗಲಿ ಎನ್ನುತ್ತೇನೆ. ಇಷ್ಟು ಹಟ ಯಾಕೆ ಎಂದು ಕೇಳುವವರಿಗೆ ಎಪ್ಪತ್ತರ ದಶಕದ ಒಂದು ಶುಕ್ರವಾರದ ಸಂಗತಿ ಹೇಳಬೇಕಾಗುತ್ತದೆ.

ಆಗ ನಾನು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದೆ. ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಕಾಮಾಕ್ಷಿಪಾಳ್ಯದ ಬಾಡಿಗೆ ಮನೆಯಲ್ಲಿ ಅಮ್ಮ, ನಾನು ಇಬ್ಬರೇ. ಕೈಯಲ್ಲಿ ದುಡ್ಡಿದ್ದರೂ ಗಾಡಿ ಸಿಗದ ಕಾಲ ಅದು. ಹೆಸರು ಬರೆಸಿ, ಸರದಿ ಬರುವವರೆಗೆ ಕಾಯಬೇಕಿತ್ತು. ನಾನು ಮೂರೂವರೆ ವರ್ಷ ಕಾದಿದ್ದೆ. ಗಾಡಿ ಬಂದಿದೆ ಎಂದು ಷೋರೂಮಿನಿಂದ ಕಾಗದ ಬಂದ ದಿನ ಅಮ್ಮ ಬಣ್ಣ ಯಾವುದೆಂದು ಕೇಳಲಿಲ್ಲ, ಬೆಲೆ ಕೇಳಲಿಲ್ಲ.

"ಅದ್ರಲ್ಲಿ ನಮ್ಮಣ್ಣನ ಊರಿಗೆ ಹೋಗಿ, ಅವತ್ತೇ ವಾಪಸ್ ಬರಬಹುದೇನೋ?" ಎಂದು ಕೇಳಿದಳು.

ಅವಳ ತವರು ಕೆಂಗೇರಿ ದಾಟಿ ಒಳಗೆ ಹೋಗಬೇಕಾದ ಒಂದು ಹಳ್ಳಿ. ದಿನಕ್ಕೆ ಎರಡೇ ಬಸ್ಸು. ಅಪ್ಪ ಹೋದ ಎರಡನೇ ತಿಂಗಳು ಅಮ್ಮ ಒಬ್ಬಳೇ ಅಣ್ಣನನ್ನು ನೋಡಿಕೊಂಡು ಬರುತ್ತೇನೆಂದು ಹೋಗಿದ್ದಳು. ಸಾಯಂಕಾಲದ ಬಸ್ಸು ಬರಲೇ ಇಲ್ಲ. ಚೀಲ ಹಿಡಿದು ವಾಪಸ್ ಮನೆಯ ಹತ್ತಿರ ಬಂದಾಗ ಒಳಗಿನಿಂದ ಅತ್ತಿಗೆಯ ಮಾತು ಕೇಳಿಸಿತು. ಈಗ ಬಸ್ಸು ತಪ್ಪಿತು ಎಂದು ವಾಪಸ್ ಬರುತ್ತಾಳೆ, ಅದೆಲ್ಲ ನೆಪ, ಇನ್ನು ಇವಳು ಇಲ್ಲಿಂದ ಏಳುವುದಿಲ್ಲ ನೋಡಿ, ಎಂದು ಯಾರಿಗೋ ಹೇಳುತ್ತಿದ್ದಳಂತೆ. ಅಮ್ಮ ಆ ರಾತ್ರಿ ಅಲ್ಲೇ ಇರಬೇಕಾಯಿತು, ಬೇರೆ ದಾರಿಯಿರಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಬಂದವಳು ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಹಬ್ಬಕ್ಕೆ ಕರೆ ಬಂದರೆ ಮೊಣಕಾಲು ನೋವು ಎನ್ನುತ್ತಿದ್ದಳು. ನನ್ನ ಹತ್ತಿರ ಮಾತ್ರ ಒಂದು ಸಲ ನಿಜ ಹೇಳಿದ್ದಳು: "ಹೋಗ್ತೀನಿ ಕಣೋ. ಹೊರಡಬೇಕು ಅನ್ನಿಸಿದ ಗಳಿಗೇಲಿ ಎದ್ದು ಬರೋ ಹಾಗಿದ್ರೆ ಹೋಗ್ತೀನಿ."

ಹಾಗಾಗಿ ಗಾಡಿ ಕೈಗೆ ಬರುವ ಶುಕ್ರವಾರವೇ ಅಲ್ಲಿಗೆ ಹೋಗುವುದೆಂದು ನಿಶ್ಚಯವಾಯಿತು. ಅಮ್ಮ ನನ್ನ ಕೈಯಲ್ಲೇ ಅಣ್ಣನಿಗೆ ಕಾರ್ಡು ಬರೆಸಿದಳು. ಮಗನ ಗಾಡಿಯಲ್ಲಿ ಬರುತ್ತಿದ್ದೇನೆ, ಸಾಯಂಕಾಲವೇ ಹೊರಡುತ್ತೇನೆ ಎಂಬ ಎರಡು ಸಾಲು. ಎರಡನೆಯ ಸಾಲಿನ ಕೆಳಗೆ ಗೆರೆ ಎಳೆಯಲು ಹೇಳಿದಳು.

ಆ ವಾರ ಊರಲ್ಲಿ ಪೆಟ್ರೋಲಿಗೆ ಹಾಹಾಕಾರ. ನಮ್ಮ ಕಡೆಯ ಬಂಕುಗಳೆಲ್ಲ ಸ್ಟಾಕ್ ಇಲ್ಲ ಎಂದು ಬೋರ್ಡು ಹಾಕಿ, ಅಡ್ಡ ಹಗ್ಗ ಕಟ್ಟಿದ್ದವು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಹೊಸ ಗಾಡಿ ಅಂದಮೇಲೆ ಪೆಟ್ರೋಲ್ ಇದ್ದೇ ಇರುತ್ತದೆ ಎಂದುಕೊಂಡಿದ್ದೆ. ಷೋರೂಮಿನ ಹಿಂದಿನ ಅಂಗಳದಲ್ಲಿ ಐದು ಗಾಡಿ ಸಾಲಾಗಿ ನಿಂತಿದ್ದವು, ಮೂರನೆಯದು ನನ್ನದು. ಜೊತೆಗೆ ಬಂದಿದ್ದ ಅಮ್ಮ ಅದರ ಪಕ್ಕದಲ್ಲೇ ನಿಂತಳು. ಐದೂ ಮನೆಯವರು ನಿಂಬೆಹಣ್ಣು, ಕರ್ಪೂರ, ಅಕ್ಷತೆಯ ತಟ್ಟೆ ಹಿಡಿದು ಬಂದಿದ್ದರು. ಮೆಕ್ಯಾನಿಕ್ ಒಂದು ಬಾಟಲಿ ತಂದು ಒಂದೊಂದು ಟ್ಯಾಂಕಿಗೂ ಅರ್ಧರ್ಧ ಲೀಟರ್ ಸುರಿಯಲು ಶುರುಮಾಡಿದ. ಇಷ್ಟೇನಾ ಎಂದೆ. ಬಂಕ್ ಮುಟ್ಟೋಕೆ ಸಾಕು ಸಾರ್ ಎಂದ.

ನನ್ನ ಪಿತ್ತ ನೆತ್ತಿಗೇರಿತು. ಮ್ಯಾನೇಜರನ ಮೇಜಿನ ಮುಂದೆ ನಿಂತು ಕೂಗಾಡಿದೆ. ಬಂಕುಗಳಲ್ಲಿ ಹನಿ ಪೆಟ್ರೋಲಿಲ್ಲ, ನಿಮ್ಮ ಶೆಡ್ಡಿನ ಹಿಂದೆ ಬೀಗ ಹಾಕಿದ ಡ್ರಮ್ಮಿದೆ, ಓಡದ ಗಾಡಿ ಮಾರುವುದಕ್ಕೆ ನಾಚಿಕೆಯಾಗುವುದಿಲ್ಲವೇ ಎಂದೆ. ಜೊತೆಗೆ, ಎಡಗಾಲಿನ ಚಪ್ಪಲಿ ಮಾತ್ರ ಮಾರಿ ಬಲಗಾಲಿಂದು ನೀವೇ ನೋಡ್ಕೊಳ್ಳಿ ಅನ್ನುವ ಅಂಗಡಿ ಎಲ್ಲಾದರೂ ಇದೆಯೇ ಎಂದೆ. ಅದು ಚೆನ್ನಾಗಿ ಹೇಳಿದೆ ಎಂದು ನನಗೆ ಇವತ್ತಿಗೂ ಅನ್ನಿಸುತ್ತದೆ. ಮ್ಯಾನೇಜರ್ ಮಾತ್ರ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಲಿಲ್ಲ. ಡ್ರಮ್ಮು ಸರ್ವೀಸಿಗೆ ಇಟ್ಟದ್ದು, ಗಾಡಿಯ ಬೆಲೆಯಲ್ಲಿ ಪೆಟ್ರೋಲ್ ಸೇರಿಲ್ಲ, ಬೇಡವಾದರೆ ಸಹಿ ಮಾಡಬೇಡಿ ಎಂದ. ನಿಮ್ಮ ಹಿಂದೆ ಕಾಯುವವರು ಬೇಕಾದಷ್ಟು ಜನ ಇದ್ದಾರೆ, ನಿಮ್ಮ ಹೆಸರು ಪಟ್ಟಿಯ ಕೊನೆಗೆ ಹೋಗುತ್ತದೆ ಎಂದು ಪೆನ್ನನ್ನು ನನ್ನ ಕೈಗೇ ಕೊಟ್ಟ.

ಅರ್ಧ ಲೀಟರಿನಲ್ಲಿ ಕೆಂಗೇರಿ ಮುಟ್ಟಿದರೆ ಅದೇ ಹೆಚ್ಚು. ಅಲ್ಲಿಂದ ಹಳ್ಳಿಗೆ ಗಾಡಿ ತಳ್ಳಿಕೊಂಡು ಹೋಗಿ, ವಾಪಸ್ ಬರಲಾಗದೆ ಅಮ್ಮ ಮತ್ತೆ ಅದೇ ಹೊಸ್ತಿಲಲ್ಲಿ ಚೀಲ ಹಿಡಿದು ನಿಲ್ಲುವುದು ಕಣ್ಣ ಮುಂದೆ ಬಂತು. ಸಹಿ ಮಾಡಲಾರೆ, ಮಾಡದೆ ಇರಲಾರೆ.

ಅಷ್ಟರಲ್ಲಿ ಅಂಗಳದಿಂದ ಮೆಕ್ಯಾನಿಕ್ ಕಿರುಚಿದ.

ಆಗಿದ್ದು ಇಷ್ಟು. ಹೊಸ ಪಾತ್ರೆಯನ್ನು ನಮ್ಮ ಮನೆಯಲ್ಲಿ ಬರಿದಾಗಿ ಒಳಗೆ ತರುವುದಿಲ್ಲ. ಫುಟ್‌ಪಾತಿನಲ್ಲಿ ಕೊಂಡ ಚೊಂಬೇ ಆಗಲಿ, ಒಂದು ಹಿಡಿ ಅಕ್ಕಿಯಾದರೂ ಹಾಕಿಕೊಂಡೇ ಹೊಸ್ತಿಲು ದಾಟಬೇಕು. ಬಾಟಲಿ ನನ್ನ ಗಾಡಿಯವರೆಗೆ ಬರುವ ಮೊದಲೇ ಅಮ್ಮ ಅದರ ಟ್ಯಾಂಕಿನೊಳಗೆ ಬಗ್ಗಿ ನೋಡಿದ್ದಾಳೆ. ತಳ ಬಿಟ್ಟರೆ ಏನೂ ಕಂಡಿಲ್ಲ. ದೇವಸ್ಥಾನಕ್ಕೆಂದು ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಅರಿಶಿನದ ಅಕ್ಕಿಯನ್ನು ಬಿಚ್ಚಿ, ಒಂದು ಹಿಡಿ ತೆಗೆದು, ಭಕ್ತಿಯಿಂದ ಟ್ಯಾಂಕಿಗೆ ಹಾಕಿದ್ದಾಳೆ.

ಮ್ಯಾನೇಜರ್ ಓಡಿ ಬಂದ, ಹಿಂದೆಯೇ ನಾನು. ಅಕ್ಕಿ ಹಾಕಿದರೆ ಇಂಜಿನ್ ಕೆಟ್ಟುಹೋಗುತ್ತದೆ, ಎಂಥ ಕೆಲಸ ಮಾಡಿದಿರಿ ಎಂದು ತಲೆ ಚಚ್ಚಿಕೊಂಡ. ಅಮ್ಮನ ಮುಖದಲ್ಲಿ ಗಾಬರಿಯಿತ್ತು, ತಪ್ಪು ಮಾಡಿದೆನೆಂಬ ಭಾವ ಇರಲಿಲ್ಲ.

"ಬರಿದು ಪಾತ್ರೆ ಮನೆಗೆ ತಗೊಂಡು ಹೋಗಬಾರದು ಸ್ವಾಮಿ. ನೀವು ತುಂಬಿಸಲ್ಲ ಅಂದ್ರಂತೆ. ನನ್ನ ಹತ್ರ ಇದ್ದಿದ್ದು ನಾನು ಹಾಕ್ದೆ," ಎಂದಳು.

ಅವನು ನನ್ನ ಕಡೆ ತಿರುಗಿ, ಇದು ನಿಮ್ಮ ಗಾಡಿ, ತೊಳೆಸಿಕೊಳ್ಳುವುದು ನಿಮ್ಮ ಕರ್ಮ ಎಂದ. ಆಗ ನೋಡಿ, ಜನ್ಮದಲ್ಲಿ ಒಂದೇ ಒಂದು ಸಲ ನನ್ನ ಸಿಟ್ಟು ನನ್ನ ಮಾತು ಕೇಳಿತು. ಕೈಯಲ್ಲಿದ್ದ ಪೆನ್ನನ್ನು ಮೆಲ್ಲಗೆ ಎತ್ತಿ ತೋರಿಸಿದೆ.

"ಇನ್ನೂ ಸಹಿ ಮಾಡಿಲ್ಲ ಸಾರ್. ಗಾಡಿ ನಿಮ್ದೇ."

ಅವನು ಎಲೆ ಅಡಿಕೆ ಉಗಿದು ಬಂದ. ಮೆಕ್ಯಾನಿಕ್ ಟ್ಯಾಂಕು ಬಿಚ್ಚಿ, ತಲೆಕೆಳಗು ಮಾಡಿ ಕುಲುಕಿದ. ಹಳದಿ ಅಕ್ಕಿ ಕಾಳು ಕಾಳಾಗಿ ನೆಲಕ್ಕೆ ಉದುರಿತು. ಬೀಗ ಹಾಕಿದ ಡ್ರಮ್ಮು ತೆಗೆಸಿ, ಅದೇ ಪೆಟ್ರೋಲಿನಲ್ಲಿ ಎರಡು ಸಲ ಒಳಗೆಲ್ಲ ತೊಳೆದ. ಐದೂ ಮನೆಯವರು ಸುತ್ತ ನಿಂತು ನೋಡಿದರು. ಟ್ಯಾಂಕು ಮತ್ತೆ ಗಾಡಿಯ ಮೇಲೆ ಕೂತಿತು, ಮೆಕ್ಯಾನಿಕ್ ಮತ್ತೆ ಅದೇ ಬಾಟಲಿ ಎತ್ತಿಕೊಂಡ. ಅಮ್ಮನ ಕೈ ಮತ್ತೆ ಸೆರಗಿನ ಗಂಟಿಗೆ ಹೋಯಿತು. ಅರಿಶಿನ ಇಂಜಿನ್ನಿಗೆ ಆಗುವುದಿಲ್ಲವೇನೋ, ಬರೀ ಅಕ್ಕಿಯಾದರೆ ಪರವಾಗಿಲ್ಲವೇ ಎಂದು ಮ್ಯಾನೇಜರನ್ನು ಕೇಳಿದಳು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದಳು, ಅದರಲ್ಲಿ ಕುಹಕ ಎಳ್ಳಷ್ಟೂ ಇರಲಿಲ್ಲ. ಅದೇ ಹೊತ್ತಿಗೆ ಎರಡನೆಯ ಗಾಡಿಯ ಹತ್ತಿರ ನಿಂತಿದ್ದ ಹೆಂಗಸು ತನ್ನ ಅಕ್ಷತೆ ತಟ್ಟೆಯನ್ನು ನೋಡಿಕೊಂಡು, ನಮ್ಮನೇಲೂ ಇದೇ ಶಾಸ್ತ್ರ ಎಂದು ಗಂಡನಿಗೆ ಹೇಳಿದಳು. ನಾಲ್ಕನೆಯ ಗಾಡಿಯ ಅಜ್ಜಿ ಹೌದು ಹೌದು ಎಂದು ತಲೆಯಾಡಿಸುತ್ತ ಟ್ಯಾಂಕಿನ ಹತ್ತಿರ ಸರಿದಳು.

ಮ್ಯಾನೇಜರ್ ತಟ್ಟೆಗಳನ್ನು ನೋಡಿದ, ಬಾಯಿ ತೆರೆದು ನಿಂತ ಐದು ಟ್ಯಾಂಕುಗಳನ್ನು ನೋಡಿದ.

"ತುಂಬಿಸಪ್ಪಾ. ಎಲ್ಲಾದಕ್ಕೂ ಕತ್ತಿನವರೆಗೂ ತುಂಬಿಸು," ಎಂದು ಮೆಕ್ಯಾನಿಕ್‌ಗೆ ಹೇಳಿ ಒಳಗೆ ಹೋಗಿಬಿಟ್ಟ.

ನನ್ನ ಕೂಗಾಟಕ್ಕೆ ಜಗ್ಗದವನು ಒಂದು ಹಿಡಿ ಅಕ್ಕಿಗೆ ಜಗ್ಗಿದ. ನಾನು ಸಹಿ ಮಾಡಿದ್ದು ಹೇಗಿತ್ತೆಂದರೆ ಕಾಗದ ಹರಿಯಿತು. ಮೈಸೂರು ರಸ್ತೆಯ ಆಂಜನೇಯನ ಗುಡಿಯಲ್ಲಿ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ಹೊರಟೆವು. ನಾಯಂಡಹಳ್ಳಿ ದಾಟಿದ ಮೇಲೆ ರಸ್ತೆ ಬಿಡುವಾಯಿತು. ಅಮ್ಮ ಒಂದೇ ಕಡೆ ಕಾಲು ಇಳಿಬಿಟ್ಟು ಕೂತು, ಮೊದಲು ನನ್ನ ಭುಜವನ್ನು ಉಗುರು ನಾಟುವಂತೆ ಹಿಡಿದಿದ್ದಳು. ಕೆಂಗೇರಿಯ ಹೊತ್ತಿಗೆ ಬರೀ ಕೈ ಇಟ್ಟಿದ್ದಳು. ನನಗೆ ಆವತ್ತು ಆದ ಸಂತೋಷ ಆಮೇಲೆ ಕೊಂಡ ಕಾರಿನಲ್ಲೂ ಆಗಲಿಲ್ಲ. ಟ್ಯಾಂಕು ಎಷ್ಟು ತುಂಬಿತ್ತೆಂದರೆ ಹಳ್ಳದಲ್ಲಿ ಇಳಿದಾಗ ಮುಚ್ಚಳದ ಸಂದಿಯಿಂದ ಪೆಟ್ರೋಲ್ ಚಿಮ್ಮಿ ನನ್ನ ಪ್ಯಾಂಟು ನೆನೆಯಿತು. ನೆನೆಯಲಿ ಎಂದುಕೊಂಡೆ.

ಊರಲ್ಲಿ ಗಾಡಿಯ ಸುತ್ತ ಜನ ಸೇರಿದರು. ಮಾವ ಪಂಚೆ ಮೇಲೆ ಕಟ್ಟಿಕೊಂಡು ಹೊರಗೆ ಬಂದು ಹೆಡ್‌ಲೈಟನ್ನು ಮುಟ್ಟಿ ನೋಡಿದ. ಅತ್ತೆ ಒಬ್ಬಟ್ಟು ಮಾಡಿದ್ದಳು. ಅಮ್ಮನ ಎಲೆಗೆ ಎರಡು ಸಲ ತುಪ್ಪ ಹಾಕಿದಳು, ಮಾತು ಮಾತ್ರ ಅಷ್ಟಾಗಿ ಆಡಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಅಮ್ಮ ಚೀಲ ಹಿಡಿದು ಜಗಲಿಗೆ ಬಂದಳು. ನಾನು ಗಾಡಿ ಒರೆಸುತ್ತಿದ್ದೆ. ಹಿಂದೆಯೇ ಅತ್ತೆ ಬಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ, ಅಮ್ಮನ ಮುಖ ನೋಡಲಾರದೆ, "ಇವತ್ತೊಂದಿನ ಇದ್ದು ಹೋಗಿ ಅಂತೀನಿ. ಆರು ವರ್ಷ ಆಯ್ತು," ಎಂದಳು. ಮಾವ ಕಂಬಕ್ಕೆ ಒರಗಿ ನಿಂತಿದ್ದ.

ಅಮ್ಮ ನನ್ನ ಕಡೆ ತಿರುಗಿದಳು. ಎಲ್ಲರಿಗೂ ಕೇಳುವ ಹಾಗೆ ನನ್ನನ್ನು ಕೇಳಿದಳು.

"ಈಗ್ಲೇ ಹೊರಟ್ರೆ ಮನೆ ಮುಟ್ಟೋಷ್ಟು ಪೆಟ್ರೋಲ್ ಇದೆಯೇನಪ್ಪಾ?"

"ಇದೆಯಮ್ಮ. ಇಲ್ಲಿಂದ ಮೈಸೂರಿಗೆ ಬೇಕಾದ್ರೂ ಹೋಗಬಹುದು," ಎಂದೆ.

ಅಮ್ಮ ಚೀಲವನ್ನು ಜಗಲಿಯ ಮೇಲೆ ಇಟ್ಟಳು.

"ಹಾಗಾದ್ರೆ ಇರ್ತೀನಿ ಅತ್ತಿಗೆ," ಎಂದು ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆದಳು.