ಯಾವ ಹೊಸಹಳ್ಳಿ

ಬೆಳಿಗ್ಗೆ ಹತ್ತು ನಲವತ್ತಕ್ಕೆ ಅಕ್ಕ ನಡುಮನೆಯಿಂದ ಮಾಮೂಲಿ ದನಿಯಲ್ಲೇ ಕರೆದಳು. 'ಇಲ್ ಬಾರೋ, ಮಗು ತುಟಿ ನೋಡು.' ಎರಡು ತಿಂಗಳ ಮಗುವಿನ ತುಟಿ ನೇರಳೆಹಣ್ಣು ತಿಂದವರ ತುಟಿಯಂತಾಗಿತ್ತು. ಉಗುರುಗಳೂ ನೀಲಿ. ಅದು ಅಳುತ್ತಿರಲಿಲ್ಲ. ಈಗಲೂ ನನಗೆ ಮತ್ತೆ ಮತ್ತೆ ಕಾಣುವುದು ಆ ಸುಮ್ಮನಿದ್ದ ಮುಖ.

ಅಕ್ಕ ಬಾಣಂತನಕ್ಕೆಂದು ಸೂಲಿಬೆಲೆ ಕಡೆಯ ನಮ್ಮೂರು ಹೊಸಹಳ್ಳಿಗೆ ಬಂದಿದ್ದಳು. ಎದೆಹಾಲು ಸಾಲದೆ ಮಗುವಿಗೆ ಪುಡಿ ಹಾಲು ಕಲಸುತ್ತಿದ್ದೆವು. ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗ, ಊರಿನ ಬೋರ್‌ವೆಲ್ ನೀರು ಮಗುವಿಗೆ ಆದೀತೇ ಎಂದು ಕೇಳಿದಳು. ನಾನು ಎಂ.ಎಸ್ಸಿ. ಓದಿದವನು. ಸರ್ಕಾರ ಎಲ್ಲರಿಗೂ ತೆರೆದಿಟ್ಟ ಅಂಕಿಅಂಶಗಳನ್ನು ನೇರವಾಗಿ ತಂದುಕೊಡುವ ಒಂದು ಸಾಫ್ಟ್‌ವೇರ್ ಪ್ಯಾಕೇಜ್ ಇದೆ, ಯಾರೋ ಪುಣ್ಯಾತ್ಮರು ಬರೆದು ಬಿಟ್ಟಿಯಾಗಿ ಹಂಚಿದ್ದು. ಲ್ಯಾಪ್‌ಟಾಪಿನಲ್ಲಿ ಎರಡು ಸಾಲು ಕೋಡ್ ಬರೆದು ತಾಲ್ಲೂಕು, ಊರು ಕೊಟ್ಟೆ. ಉತ್ತರ ಬಂತು: ಹೊಸಹಳ್ಳಿ, ನೈಟ್ರೇಟ್ ಮಿತಿಯೊಳಗೆ. ಅಕ್ಕ ಬಗ್ಗಿ ನೋಡಿ ನಕ್ಕಳು. 'ಸರ್ಕಾರನೇ ಹೇಳಿದ್ಮೇಲೆ ಇನ್ನೇನಪ್ಪಾ.' ಅವತ್ತಿನಿಂದ ಆ ನೀರನ್ನೇ ಕುದಿಸಿ, ಆರಿಸಿ ಕಲಸಿದೆವು.

ಹೊಸಕೋಟೆಯ ಆಸ್ಪತ್ರೆ ಮುಟ್ಟುವವರೆಗೂ ಅಕ್ಕ ಮಗುವಿನ ಮೂಗಿನ ಬಳಿ ಬೆರಳು ಹಿಡಿದೇ ಕೂತಿದ್ದಳು. ತೆಗೆದ ರಕ್ತ ಚಾಕೊಲೇಟ್ ಬಣ್ಣಕ್ಕಿತ್ತು. ಅದನ್ನು ಕಂಡದ್ದೇ ವೈದ್ಯೆ ಕೇಳಿದರು, 'ಪೌಡರ್ ಯಾವ ನೀರಲ್ಲಿ ಕಲಸ್ತಿದ್ರಮ್ಮ?' ಅಕ್ಕ ನನ್ನ ಕಡೆ ನೋಡಲಿಲ್ಲ. ನೈಟ್ರೇಟ್ ಹೆಚ್ಚಿದ್ದರೆ ಎಳೆಮಕ್ಕಳ ರಕ್ತ ಆಮ್ಲಜನಕ ಹೊರಲಾರದು, ಕುದಿಸಿದರೂ ಅದು ಹೋಗುವುದಿಲ್ಲ ಎಂದು ಅವರು ತಿಳಿಸಿ ಹೇಳಿದರು. ಔಷಧಿ ಏರಿಸಿದರು. ಮಧ್ಯಾಹ್ನದ ಹೊತ್ತಿಗೆ ತುಟಿ ಕೆಂಪಾಯಿತು.

ಮೂರನೆಯ ದಿನ ಮನೆಗೆ ಬಂದು ಅದೇ ಎರಡು ಸಾಲು ಮತ್ತೆ ಓಡಿಸಿದೆ, ಈ ಸಲ ಸಿಕ್ಕಿದ್ದನ್ನೆಲ್ಲ ತೋರಿಸೆಂದು. ತಾಲ್ಲೂಕಿನಲ್ಲಿ ಹೊಸಹಳ್ಳಿ ಒಂದೇ ಇರಲಿಲ್ಲ. ಪ್ಯಾಕೇಜ್ ಮೊದಲು ಸಿಕ್ಕಿದ ಹೊಸಹಳ್ಳಿಯನ್ನು ಕೊಟ್ಟು ಸುಮ್ಮನಾಗಿತ್ತು. ಅದು ಬೇರೆ ಹೋಬಳಿಯದು. ನಮ್ಮೂರು ಕೆಳಗಿನ ಸಾಲಿನಲ್ಲಿತ್ತು, ನೈಟ್ರೇಟ್ ಮಿತಿ ಮೀರಿ. ಬಸ್ಸಿನಲ್ಲಿ ಹೊಸಹಳ್ಳಿ ಎಂದರೆ ಸಾಕು, ಕಂಡಕ್ಟರ್ 'ಯಾವ ಹೊಸಹಳ್ಳಿ ಗುರು?' ಎನ್ನುತ್ತಾನೆ. ಮದುವೆ ಮನೆಯಲ್ಲೂ ಕೇಳುತ್ತಾರೆ. ಹುಟ್ಟಿದಾಗಿನಿಂದ ಆ ಪ್ರಶ್ನೆಗೆ ಉತ್ತರ ಕೊಟ್ಟುಕೊಂಡು ಬಂದವನು, ಕೇಳಿಕೊಳ್ಳಬೇಕಾದ ದಿನ ಕೇಳಿಕೊಳ್ಳಲಿಲ್ಲ.

ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಮಗುವಿನ ಬಟ್ಟೆ ಮಡಿಸುತ್ತಾ ಕೇಳಿಸಿಕೊಂಡಳು. 'ಈಗ ನನ್ ಹತ್ರ ಏನೂ ಮಾತಾಡ್ಬೇಡ,' ಎಂದಳು. ಆಮೇಲೆ ಬಾಟಲಿಯನ್ನು ನನ್ನ ಕೈಗೆ ಕೊಡಲಿಲ್ಲ. ನಾನು ಹೊಸಕೋಟೆಯಿಂದ ನೀರಿನ ಕ್ಯಾನ್ ತಂದಿಡುತ್ತಿದ್ದೆ. ರಾತ್ರಿ ಮೂರು ನಾಲ್ಕು ಸಲ ಎದ್ದು ಮೊಬೈಲ್ ಬೆಳಕಿನಲ್ಲಿ ಮಗುವಿನ ತುಟಿ ನೋಡುತ್ತಿದ್ದೆ. ಅಕ್ಕನಿಗೂ ಎಚ್ಚರವಿರುತ್ತಿತ್ತು.

ಒಂದು ಭಾನುವಾರ ಅಕ್ಕ ಚಪಾತಿ ಹಿಟ್ಟು ನಾದುತ್ತಿದ್ದಾಗ ಮಗು ಹಸಿದು ರಂಪ ಎಬ್ಬಿಸಿತು. ಅವಳು ಹಿಟ್ಟಿನ ಕೈಯಲ್ಲೇ ತಿರುಗಿ, 'ಏನ್ ನಿಂತ್ಕೊಂಡು ನೋಡ್ತೀಯಾ, ಹಾಲು ಕಲ್ಸು,' ಎಂದಳು. ನಾನು ಕಲಸುವಾಗ ಬಂದು ನೋಡಲಿಲ್ಲ. ಮಗು ನನ್ನ ತೊಡೆಯ ಮೇಲೆ ಪೂರ್ತಿ ಕುಡಿದು ತೇಗಿತು.

ಆ ರಾತ್ರಿ ಮಲಗಿದವನು ಎದ್ದದ್ದು ಬಿಸಿಲು ಬಂದ ಮೇಲೆ.